ಓಡುವ ಬಲ, ನಿಲ್ಲುವ ಬಲ

ಹಳೆಯ ಮನೆಯ ಮೇಲೆ ಹೊಸ ಅಂತಸ್ತು ಕಟ್ಟಬೇಕೆನ್ನುವವನು ಮೊದಲು ಅಸ್ತಿಭಾರವನ್ನು ಅಗೆದು ನೋಡುತ್ತಾನೆ. ಗೋಡೆಯನ್ನು ತಟ್ಟಿ ನೋಡುತ್ತಾನೆ. ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ವಿಚಾರಿಸುತ್ತಾನೆ. ಅಂತಸ್ತಿನ ಅಂದಚಂದದ ಮಾತು ಆಮೇಲೆ. ಹಳೆಯ ಮೋಟಾರು ಕಾರಿಗೆ ಹೊಸ ಎಂಜಿನ್ನು ಕೂರಿಸಲು ಹೊರಡುವವರಲ್ಲಿ ಮಾತ್ರ ಈ ವಿವೇಕ ಅಪರೂಪವೆಂದೇ ಹೇಳಬೇಕು. ಅವರು ಕೇಳುವ ಮೊದಲ ಪ್ರಶ್ನೆ “ಯಾವ ಎಂಜಿನ್ನು?” ಎಂಬುದು, ಎರಡನೆಯದು “ಎಷ್ಟು ಅಶ್ವಶಕ್ತಿ?” ಎಂಬುದು. “ಈ ಕಾರು ನಿಲ್ಲುವುದು ಹೇಗೆ?” ಎಂಬ ಪ್ರಶ್ನೆ ಎಲ್ಲಕ್ಕೂ ಕೊನೆಗೆ, ಕೈಯಲ್ಲಿದ್ದ ಹಣ ಮುಗಿದ ಮೇಲೆ ಬರುತ್ತದೆ. ಕೆಲವು ವೇಳೆ ಬರುವುದೇ ಇಲ್ಲ.

ಸಾಹಿತ್ಯದ ಪುಟದಲ್ಲಿ ಗೇರು, ಬ್ರೇಕುಗಳ ಪುರಾಣವೇಕೆ ಎಂದು ಹುಬ್ಬೇರಿಸುವ ವಾಚಕರೂ ಇರಬಹುದು. ಆದರೆ ತಂದೆಯ ಕಾಲದ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ಅದಕ್ಕೆ ಹೊಸ ಜೀವ ತುಂಬುತ್ತೇನೆಂದು ಹೊರಡುವವನ ಸಮಸ್ಯೆ ಬರಿಯ ಮೆಕ್ಯಾನಿಕ್ಕಿನ ಸಮಸ್ಯೆಯಲ್ಲ. ಹಳೆಯದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು, ಒಂದನ್ನು ಬದಲಿಸಿದರೆ ಇನ್ನಾವುದನ್ನು ಬದಲಿಸದೆ ಬಿಡುವಂತಿಲ್ಲ ಎಂಬ ವಿಚಾರ ಎಲ್ಲ ಕಾಲಕ್ಕೂ, ಎಲ್ಲ ಕೆಲಸಕ್ಕೂ ಸಲ್ಲುವಂಥದು. ಕಾರಿನಲ್ಲಿ ಆ ವಿಚಾರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಎಂಬುದೊಂದೇ ವ್ಯತ್ಯಾಸ.

ಎಲ್ಲರೂ ಬಲ್ಲ ದೃಷ್ಟಾಂತ

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಅಂಬಾಸಿಡರ್ ಕಾರಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ ಇಳಿದುಬಂದ ಈ ವಾಹನ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಿಂದ ಹೊರಬಂದಿತು. 2014ರ ಮೇ ತಿಂಗಳವರೆಗೆ ಹೆಚ್ಚು ಕಡಿಮೆ ಅದೇ ಆಕಾರದಲ್ಲಿ ತಯಾರಾಯಿತು. ಮಂತ್ರಿಯೂ ಟ್ಯಾಕ್ಸಿಯವನೂ ಒಂದೇ ಕಾರಿನಲ್ಲಿ ಓಡಾಡಿದ ಕಾಲವದು. ಬಹುಕಾಲ ಅದರ ಹೊಟ್ಟೆಯಲ್ಲಿದ್ದುದು 1489 ಘನ ಸೆಂಟಿಮೀಟರಿನ, ಐವತ್ತರ ಆಸುಪಾಸಿನ ಅಶ್ವಶಕ್ತಿಯ, ಸಾವಧಾನವೇ ಸ್ವಭಾವವಾದ ಪೆಟ್ರೋಲ್ ಎಂಜಿನ್ನು. ನಾಲ್ಕು ಗೇರು, ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲಿ, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಆ ಕಾಲದ ರಸ್ತೆಗೆ, ಆ ಕಾಲದ ವೇಗಕ್ಕೆ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡೇ ಇದ್ದವು.

1990ರ ದಶಕದ ಮೊದಲ ವರ್ಷಗಳಲ್ಲಿ ಕಾರ್ಖಾನೆಯವರೇ ಈ ಹಳೆಯ ಒಡಲಿಗೆ ಜಪಾನಿನ ಇಸುಝು ವಿನ್ಯಾಸದ 1817 ಘನ ಸೆಂಟಿಮೀಟರಿನ ಎಂಜಿನ್ನನ್ನು ಕೂರಿಸಿದರು. ಶಕ್ತಿ 75 ಅಶ್ವಬಲಕ್ಕೆ ಏರಿತು. ಗಮನಿಸಬೇಕಾದುದು ಅದರ ಜೊತೆಗೆ ಬಂದ ಪರಿವಾರವನ್ನು. ಹಳೆಯ ನಾಲ್ಕು ಗೇರಿನ ಪೆಟ್ಟಿಗೆ ಹೋಗಿ ಐದು ಗೇರಿನದು ಬಂದಿತು. ಗೇರಿನ ಹಿಡಿ ಸ್ಟೀರಿಂಗನ್ನು ಬಿಟ್ಟು ನೆಲಕ್ಕೆ ಇಳಿಯಿತು. ಮುಂದೆ ಬಂದ ಕಾರುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕೂ, ಪೆಡಲಿಗೆ ಬೂಸ್ಟರಿನ ನೆರವೂ ದೊರೆತವು. ಎಂಜಿನ್ನು ಒಂಟಿಯಾಗಿ ಬರುವ ಅತಿಥಿಯಲ್ಲ, ದಿಬ್ಬಣ ಸಮೇತ ಬರುವ ಅಳಿಯ. ಅವನನ್ನು ಕರೆದವರು ದಿಬ್ಬಣಕ್ಕೂ ಎಲೆ ಹಾಕಲೇಬೇಕು.

ಪರದೇಶಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. 1961ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಂದ್ಯಗಾರ ಕ್ಯಾರೊಲ್ ಶೆಲ್ಬಿ, ಇಂಗ್ಲೆಂಡಿನ ಎ.ಸಿ. ಎಂಬ ಚಿಕ್ಕ ಕಾರ್ಖಾನೆಗೆ ಒಂದು ಪತ್ರ ಬರೆದ. ನಿಮ್ಮ ‘ಏಸ್’ ಎಂಬ ಹಗುರ ಕಾರಿನಲ್ಲಿ ಅಮೆರಿಕದ ಎಂಟು ಸಿಲಿಂಡರಿನ ಎಂಜಿನ್ನು ಹಿಡಿಯುವಂತೆ ಮಾಡಿಕೊಡುವಿರಾ ಎಂಬುದು ಅದರ ತಾತ್ಪರ್ಯ. ಮರುವರ್ಷ ಫೋರ್ಡಿನ 4.2 ಲೀಟರಿನ ಎಂಜಿನ್ನು ಆ ಕಾರಿನಲ್ಲಿ ಕುಳಿತು ‘ಕೋಬ್ರಾ’ ಹುಟ್ಟಿತು. ಜನ ಇಂದಿಗೂ ಆ ಎಂಜಿನ್ನಿನ ಗುಡುಗನ್ನೇ ಕೊಂಡಾಡುತ್ತಾರೆ. ಆದರೆ ಎ.ಸಿ. ಕಂಪನಿಯ ಕುಶಲಿಗಳು ಮಾಡಿದ ಮುಖ್ಯವಾದ ಬದಲಾವಣೆ ಕಾರಿನ ಹಿಂಭಾಗದಲ್ಲಿತ್ತು: ಹೆಚ್ಚಿದ ಬಲವನ್ನು ತಾಳಿಕೊಳ್ಳಬಲ್ಲ, ಮೊದಲಿನದಕ್ಕಿಂತ ಗಟ್ಟಿಯಾದ ಡಿಫರೆನ್ಷಿಯಲ್ಲು. ಅದೇ ಶೆಲ್ಬಿ 1965ರಲ್ಲಿ 7 ಲೀಟರಿನ ಎಂಜಿನ್ನನ್ನು ತಂದಾಗ ಹಳೆಯ ಚೌಕಟ್ಟಿಗೆ ತೇಪೆ ಹಾಕುವ ಮಾತೇ ಉಳಿಯಲಿಲ್ಲ. 3 ಅಂಗುಲದ ಕೊಳವೆಗಳ ಜಾಗದಲ್ಲಿ 4 ಅಂಗುಲದವು ಬಂದವು; ಸ್ಪ್ರಿಂಗುಗಳ ವ್ಯವಸ್ಥೆಯೇ ಬೇರೆಯಾಯಿತು. ಹೆಸರು ಹಳೆಯದಾದರೂ ಕಾರು ಹೊಸದು.

ಇಕ್ಕಟ್ಟಿನ ಕಥೆಗೆ 1964ರ ‘ಸನ್‌ಬೀಮ್ ಟೈಗರ್’ ಸಾಕ್ಷಿ. ‘ಆಲ್ಪೈನ್’ ಎಂಬ ಸಾಧು ಕಾರಿನ ಒಡಲಿಗೆ ಅದೇ 4.2 ಲೀಟರಿನ ಫೋರ್ಡ್ ಎಂಜಿನ್ನನ್ನು ತುರುಕಿದಾಗ ಹಳೆಯ ಸ್ಟೀರಿಂಗ್ ಪೆಟ್ಟಿಗೆ ಅಡ್ಡ ಬಂದು, ಬೇರೆ ಬಗೆಯ ಸ್ಟೀರಿಂಗನ್ನೇ ಅಳವಡಿಸಬೇಕಾಯಿತು. ಹಿಂದಿನ ಆಕ್ಸಲ್ಲು ಪಕ್ಕಕ್ಕೆ ಸರಿಯದಂತೆ ಒಂದು ಅಡ್ಡಸಲಾಕೆ ಹಾಕಬೇಕಾಯಿತು. ಎಂಜಿನ್ನಿಗೆ ಜಾಗ ಸಾಲದೆ, ಬಣ್ಣ ಹೊಡೆದು ಸಿದ್ಧವಾದ ತಗಡಿನ ಗೋಡೆಯನ್ನೇ ಕಾರ್ಖಾನೆಯಲ್ಲಿ ಸುತ್ತಿಗೆಯಿಂದ ಬಡಿದು ಒಳಸರಿಸುತ್ತಿದ್ದರಂತೆ! ಬ್ರಿಟನ್ನಿನ ಪುಟ್ಟ ‘ಮಿನಿ’ ಕಾರಿನ ಪಾಠ ಇನ್ನೂ ಸ್ಪಷ್ಟ. 34 ಅಶ್ವಶಕ್ತಿಯ ಕಾರು 1961ರಲ್ಲಿ 55 ಅಶ್ವಶಕ್ತಿಯ ‘ಕೂಪರ್’ ಆದಾಗ ಅದರ ಮುಂದಿನ ಚಕ್ರಗಳಿಗೆ 7 ಅಂಗುಲದ ಡಿಸ್ಕುಗಳನ್ನು ಕೊಟ್ಟರು. ಅದೂ ಸಾಲದಾಯಿತು. 1963ರಲ್ಲಿ 70 ಅಶ್ವಶಕ್ತಿಯ ‘ಕೂಪರ್ ಎಸ್’ ಬಂದಾಗ ಡಿಸ್ಕು 7.5 ಅಂಗುಲಕ್ಕೆ ಬೆಳೆದು, ಪೆಡಲಿಗೆ ಸರ್ವೊ ನೆರವೂ ಕೂಡಿತು. ಕಾರ್ಖಾನೆಗಳೇ ಹೆಜ್ಜೆಹೆಜ್ಜೆಗೂ ಹೀಗೆ ಲೆಕ್ಕ ಹಾಕಿರುವಾಗ, ಬೀದಿಯ ಗ್ಯಾರೇಜಿನಲ್ಲಿ ಎಂಜಿನ್ನು ಬದಲಿಸುವವನಿಗೆ ಲೆಕ್ಕದಿಂದ ವಿನಾಯಿತಿ ಎಲ್ಲಿಯದು?

ಬಲ ಹರಿಯುವ ಹಾದಿ

ಎಂಜಿನ್ನಿನಲ್ಲಿ ಹುಟ್ಟಿದ ಬಲ ಚಕ್ರವನ್ನು ಮುಟ್ಟುವುದಕ್ಕೆ ಮುಂಚೆ ಐದಾರು ಕೈಗಳನ್ನು ದಾಟಬೇಕು: ಕ್ಲಚ್ಚು, ಗೇರ್‌ಬಾಕ್ಸು, ಪ್ರೊಪೆಲರ್ ಶಾಫ್ಟು, ಡಿಫರೆನ್ಷಿಯಲ್ಲು, ಆಕ್ಸಲ್ಲು. ಸರಪಣಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ ಎಂಬುದು ಇಲ್ಲಿ ಅಕ್ಷರಶಃ ಸತ್ಯ.

ಲೆಕ್ಕವೊಂದನ್ನು ನೋಡೋಣ. ಎಂಜಿನ್ನಿನ ತಿರುಚುಬಲ, ಅಂದರೆ ಟಾರ್ಕು, 130 ನ್ಯೂಟನ್ ಮೀಟರ್ ಇದೆ ಎನ್ನಿ. ಮೊದಲ ಗೇರಿನ ಅನುಪಾತ 3.5, ಹಿಂದಿನ ಆಕ್ಸಲ್ಲಿನದು 4.5 ಆಗಿದ್ದರೆ, ಆ ಬಲ ಆಕ್ಸಲ್ಲನ್ನು ತಲುಪುವ ಹೊತ್ತಿಗೆ ಸುಮಾರು 16 ಪಟ್ಟು ಬೆಳೆದು 2000 ನ್ಯೂಟನ್ ಮೀಟರನ್ನು ಮೀರಿರುತ್ತದೆ. ಎಂಜಿನ್ನಿನಲ್ಲಿ ಹೆಚ್ಚಿಸಿದ ಒಂದೊಂದು ಅಂಶವನ್ನೂ ಆಕ್ಸಲ್ಲು 16 ಅಂಶವಾಗಿ ಹೊರಬೇಕೆಂದಾಯಿತು. ಹಾಗಾದರೆ ಹಳೆಯ ಕಾರುಗಳಲ್ಲಿ ಅದು ಮುರಿಯದೆ ಉಳಿದುದು ಹೇಗೆ? ಅದಕ್ಕೆ ಒಬ್ಬ ಮೂಕ ರಕ್ಷಕನಿದ್ದ: ಕಿರಿದಾದ ಹಳೆಯ ಟೈರು. ಬಲ ಮಿತಿ ಮೀರಿದರೆ ಟೈರು ನೆಲದ ಮೇಲೆ ಜಾರಿ, ವಿದ್ಯುತ್ತಿನ ಫ್ಯೂಸಿನಂತೆ ಉಳಿದುದನ್ನೆಲ್ಲ ಕಾಪಾಡುತ್ತಿತ್ತು. ಹೊಸ ಎಂಜಿನ್ನಿನ ಜೊತೆಗೆ ಅಗಲವಾದ, ನೆಲವನ್ನು ಬಿಗಿಯಾಗಿ ಕಚ್ಚುವ ಟೈರನ್ನು ಹಾಕಿದವನು ಆ ಫ್ಯೂಸನ್ನು ಕಿತ್ತು ದಪ್ಪ ತಂತಿ ಕಟ್ಟಿದಂತಾಯಿತು. ಇನ್ನು ಸೋಲುವ ಸರದಿ ಆಕ್ಸಲ್ಲಿನದು.

ಗೇರ್‌ಬಾಕ್ಸಿನ ವಿಷಯದಲ್ಲಿ ಅನುಭವಸ್ಥರ ಬುದ್ಧಿವಾದ ಸರಳವಾದುದು: ಎಂಜಿನ್ನನ್ನು ಅದರ ಸ್ವಂತ ಗೇರ್‌ಬಾಕ್ಸು, ಕ್ಲಚ್ಚುಗಳ ಸಮೇತ ತರುವುದು. ಒಂದೇ ತಾಯಿಯ ಮಕ್ಕಳಾದ ಅವುಗಳಿಗೆ ಒಂದರ ಅಳತೆ ಇನ್ನೊಂದಕ್ಕೆ ಗೊತ್ತು. ಹೊಸ ಎಂಜಿನ್ನಿಗೆ ಹಳೆಯ ಗೇರ್‌ಬಾಕ್ಸನ್ನು ನಡುವೆ ಒಂದು ತಟ್ಟೆ ಹಾಕಿ ಜೋಡಿಸುವುದೂ ಉಂಟು. ಆದರೆ ಎರಡರ ಕೇಂದ್ರಗಳು ಕೂದಲೆಳೆಯಷ್ಟು ಸರಿದರೂ ಬೇರಿಂಗು ಸವೆಯುತ್ತದೆ, ಕ್ಲಚ್ಚು ನಡುಗುತ್ತದೆ. ಹಳೆಯ ಗೇರಿನ ಹಲ್ಲುಗಳು ತಮಗೆ ಒಗ್ಗದ ಬಲಕ್ಕೆ ಸಿಕ್ಕಿ ಉದುರುತ್ತವೆ.

ಹೊಸ ಗೇರ್‌ಬಾಕ್ಸಿನ ಉದ್ದ ಬೇರೆಯಾದರೆ ಪ್ರೊಪೆಲರ್ ಶಾಫ್ಟಿನ ಉದ್ದವೂ ಬೇರೆಯಾಗಬೇಕು. ಇಲ್ಲಿ ಬರಿಯ ಕತ್ತರಿಸಿ ಬೆಸೆಯುವ ಕೆಲಸ ಸಾಲದು. ಬೆಸೆದ ಶಾಫ್ಟನ್ನು ಯಂತ್ರಕ್ಕೆ ಕೊಟ್ಟು ಸಮತೂಕ ಮಾಡಿಸಬೇಕು. ಪ್ರತಿಯೊಂದು ಶಾಫ್ಟಿಗೂ ಅದರ ಉದ್ದ, ದಪ್ಪಗಳಿಗೆ ತಕ್ಕಂತೆ ಒಂದು ಗಂಡಾಂತರದ ವೇಗವಿರುತ್ತದೆ. ಅದನ್ನು ಮುಟ್ಟಿದಾಗ ಶಾಫ್ಟು ಮಕ್ಕಳಾಡುವ ಹಗ್ಗದಂತೆ ನಡು ಬಾಗಿಸಿ ಸುತ್ತತೊಡಗುತ್ತದೆ. ಅದರ ಎರಡು ತುದಿಗಳ ಯೂನಿವರ್ಸಲ್ ಜಾಯಿಂಟುಗಳ ಕೋನಗಳು ಸಮನಾಗಿದ್ದು ಒಂದರ ಏರಿಳಿತವನ್ನು ಇನ್ನೊಂದು ಅಳಿಸುವಂತಿರಬೇಕು. ಎಂಜಿನ್ನನ್ನು ಜಾಗಕ್ಕಾಗಿ ತುಸು ಓರೆಯಾಗಿ ಕೂರಿಸಿದವನು ಈ ಮಾತನ್ನು ಮರೆತನೆಂದರೆ, ಕಾರು ಒಂದು ವೇಗದಲ್ಲಿ ಏಕೆ ಗಡಗಡ ನಡುಗುತ್ತದೆಂದು ತಿಂಗಳುಗಟ್ಟಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಇನ್ನು ಆಕ್ಸಲ್ಲಿನ ಅನುಪಾತ. ಚಕ್ರ ಒಂದು ಸುತ್ತಿಗೆ 2 ಮೀಟರ್ ಸಾಗುವುದಾದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 667 ಸುತ್ತು ತಿರುಗುತ್ತದೆ. ಆಕ್ಸಲ್ಲಿನ ಅನುಪಾತ 4.5 ಇದ್ದರೆ ನೇರ ಗೇರಿನಲ್ಲಿ ಎಂಜಿನ್ನು ತಿರುಗುವುದು 3000 ಸುತ್ತು, 3.9 ಇದ್ದರೆ 2600. ಅನುಪಾತವನ್ನು ತಗ್ಗಿಸಿದರೆ ಎಂಜಿನ್ನು ನಿರಾಳವಾಗಿ ಉಸಿರಾಡುತ್ತದೆ, ಎಣ್ಣೆ ಉಳಿಯುತ್ತದೆ. ಐದನೆಯ ಗೇರು ಇದ್ದರೆ ಆಕ್ಸಲ್ಲನ್ನು ಮುಟ್ಟದೆಯೂ ಇದೇ ಫಲ ದೊರೆಯುತ್ತದೆ. ಆದರೆ ಈ ಲಾಭಕ್ಕೆ ಒಂದು ಬೆಲೆಯುಂಟು. ಇಳಿಜಾರಿನಲ್ಲಿ ಕಾಲು ತೆಗೆದಾಗ ಕಾರನ್ನು ಹಿಂದಕ್ಕೆ ಜಗ್ಗುತ್ತಿದ್ದ ಎಂಜಿನ್ನಿನ ಹಿಡಿತವೂ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಪೆಟ್ರೋಲ್ ಎಂಜಿನ್ನಿನ ಬದಲಿಗೆ ಡೀಸೆಲ್ ಕೂರಿಸಿದಲ್ಲಿ ಇದು ಇನ್ನೂ ಕಡಿಮೆ. ಗಾಳಿಯ ದಾರಿಯನ್ನು ಮುಚ್ಚುವ ಬಾಗಿಲು ಹಳೆಯ ಡೀಸೆಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಪೆಟ್ರೋಲಿನಷ್ಟು ಅದು ತಡೆಯದು. ಎಂಜಿನ್ನು ಕೈಬಿಟ್ಟ ಹೊರೆ ಎಲ್ಲಿ ಹೋಗುತ್ತದೆ? ಬ್ರೇಕಿನ ಹೆಗಲಿಗೆ. ಗೇರಿನ ಆಯ್ಕೆಯೂ ಬ್ರೇಕಿನ ಆಯ್ಕೆಯೂ ಬೇರೆ ಬೇರೆಯಲ್ಲ ಎಂಬುದು ಇಲ್ಲಿ ತಿಳಿಯುತ್ತದೆ.

ನಿಲ್ಲಿಸುವ ಲೆಕ್ಕ

ಓಡುವ ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಅದರ ಅರ್ಥ ರಸ್ತೆಯ ಮೇಲೆ ಏನೆಂಬುದನ್ನು ದೊಡ್ಡವರೂ ಮರೆಯುತ್ತಾರೆ. ಐವರು ಕುಳಿತು ಸಾಮಾನು ಹೇರಿದ ಕಾರಿನ ತೂಕ 1500 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದರ ಶಕ್ತಿ ಸುಮಾರು 208 ಕಿಲೋಜೂಲ್. 100 ಕಿಲೋಮೀಟರ್ ವೇಗದಲ್ಲಿ 579. ವೇಗ ಒಂದೂಮುಕ್ಕಾಲು ಪಟ್ಟೂ ಆಗಲಿಲ್ಲ. ತಣಿಸಬೇಕಾದ ಶಕ್ತಿ ಪೌಣೆ ಮೂರು ಪಟ್ಟನ್ನು ದಾಟಿತು. ಒಣ ರಸ್ತೆಯ ಮೇಲೆ ಆ ಕಾರನ್ನು 4 ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ ಬ್ರೇಕುಗಳು 190 ಅಶ್ವಶಕ್ತಿಗೂ ಮೀರಿದ ದರದಲ್ಲಿ ಶಕ್ತಿಯನ್ನು ಶಾಖವಾಗಿ ಕರಗಿಸಬೇಕು. 75 ಅಶ್ವಶಕ್ತಿಯ ಎಂಜಿನ್ನಿಗೆ ಹೆಮ್ಮೆಪಡುವವನು ತನ್ನ ಕಾರಿನ ನಿಜವಾದ ಬಲಶಾಲಿ ಯಾರೆಂಬುದನ್ನು ಯೋಚಿಸಬೇಕಾದ ಮಾತಿದು.

ಆ ಶಾಖ ಸೇರುವುದು ಎಲ್ಲಿಗೆ? ಮುಂದಿನ ಎರಡು ಡ್ರಮ್ಮುಗಳ ಎರಕದ ಕಬ್ಬಿಣ ಒಟ್ಟು 10 ಕಿಲೋಗ್ರಾಂ ಎಂದೂ, ಶಕ್ತಿಯ ಮೂರರಲ್ಲಿ ಎರಡು ಪಾಲು ಮುಂದಿನ ಚಕ್ರಗಳಿಗೆ ಬೀಳುವುದೆಂದೂ ಹಿಡಿದರೆ, 100 ಕಿಲೋಮೀಟರ್ ವೇಗದಿಂದ ಒಂದು ಸಾರಿ ನಿಂತಾಗ ಡ್ರಮ್ಮಿನ ಉಷ್ಣ ಸುಮಾರು 80 ಡಿಗ್ರಿ ಏರುತ್ತದೆ. ಒಂದು ಸಾರಿ ನಿಂತು ಆರಲು ಅವಕಾಶವಿದ್ದರೆ ಚಿಂತೆಯಿಲ್ಲ. ಹಳೆಯ ಎಂಜಿನ್ನು ಆ ಅವಕಾಶವನ್ನು ತಾನಾಗಿಯೇ ಕೊಡುತ್ತಿತ್ತು. ನಿಂತ ಕಾರನ್ನು ಮತ್ತೆ ವೇಗಕ್ಕೆ ಏರಿಸಲು ಅದಕ್ಕೆ ಬಹಳ ಹೊತ್ತು ಬೇಕಾಗಿತ್ತು. ಹೊಸ ಎಂಜಿನ್ನಿನಿಂದ ಕಾರಿನ ಪರಮ ವೇಗ ಬಹಳವೇನೂ ಹೆಚ್ಚುವುದಿಲ್ಲ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾದ್ದರಿಂದ, ಅಶ್ವಶಕ್ತಿ ಒಂದೂವರೆ ಪಟ್ಟಾದರೂ ವೇಗ ಹೆಚ್ಚುವುದು ನೂರಕ್ಕೆ 14ರಷ್ಟು ಮಾತ್ರ. ಅಪಾಯವಿರುವುದು ಬೇರೆ ಕಡೆ: ಆ ವೇಗಕ್ಕೆ ಕಾರು ಮತ್ತೆ ಮತ್ತೆ, ಬೇಗ ಬೇಗ ಏರುತ್ತದೆ, ಬ್ರೇಕಿಗೆ ಉಸಿರಾಡಲು ಹೊತ್ತೇ ಸಿಕ್ಕುವುದಿಲ್ಲ.

ನಮ್ಮ ಘಟ್ಟಗಳಲ್ಲಿ ಈ ಪರೀಕ್ಷೆ ಇನ್ನೂ ಕಠಿನ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ 14 ತಿರುವುಗಳನ್ನು ಇಳಿಯುವ ಕಾರನ್ನು ನೆನೆಯಿರಿ. ಲೆಕ್ಕಕ್ಕೆ 500 ಮೀಟರ್ ಇಳಿತ ಎಂದು ಹಿಡಿದರೆ, ನಾವು ಹೇಳಿದ 1500 ಕಿಲೋಗ್ರಾಂ ಕಾರು ಕಳೆದುಕೊಳ್ಳಬೇಕಾದ ಶಕ್ತಿ 7000 ಕಿಲೋಜೂಲಿಗೂ ಹೆಚ್ಚು. ಮಲೆನಾಡಿನ ಬಚ್ಚಲೊಲೆಯ ಮೇಲಿನ ಹಂಡೆಯಲ್ಲಿ 20 ಲೀಟರಿಗೂ ಮೀರಿದ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಇಷ್ಟು ಶಾಖ ಸಾಕು. ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ನು ನುಂಗುತ್ತದೆ. ಮೇಲಿನ ಗೇರಿನಲ್ಲಿ ಪೆಡಲು ತುಳಿದುಕೊಂಡೇ ಇಳಿದರೆ ಹಂಡೆಯ ಕುದಿಯೆಲ್ಲ ಬ್ರೇಕಿನ ಒಳಗೆ.

ಆಗ ಆಗುವುದೇನು? ಡ್ರಮ್ ಬ್ರೇಕಿನಲ್ಲಿ ಒಂದು ಸೊಗಸಾದ ಉಪಾಯವಿದೆ: ತಿರುಗುವ ಡ್ರಮ್ಮೇ ಷೂವನ್ನು ತನ್ನೆಡೆಗೆ ಸೆಳೆದುಕೊಂಡು ಹಿಡಿತವನ್ನು ಹೆಚ್ಚಿಸುತ್ತದೆ. ಆದ್ದರಿಂದಲೇ ಬೂಸ್ಟರಿಲ್ಲದ ಹಳೆಯ ಕಾರುಗಳೂ ಸಾಧಾರಣ ಬಲದ ಕಾಲಿಗೆ ನಿಲ್ಲುತ್ತಿದ್ದವು. ಆದರೆ ಕಾಯ್ದಾಗ ಈ ಉಪಾಯವೇ ಶತ್ರುವಾಗುತ್ತದೆ. ಲೈನಿಂಗಿನ ಘರ್ಷಣೆ ತುಸು ತಗ್ಗಿದರೂ ಹಿಡಿತ ಬಹುಪಾಲು ತಗ್ಗುತ್ತದೆ. ಮೇಲಾಗಿ ಡ್ರಮ್ಮು ಬಿಸಿಗೆ ಹಿಗ್ಗಿ ಷೂವಿನಿಂದ ದೂರ ಸರಿಯುತ್ತದೆ. ಪೆಡಲು ಕಾಲಿನ ಕೆಳಗೆ ಇಳಿಯುತ್ತಾ ಹೋಗುತ್ತದೆ. ಡಿಸ್ಕಿನಲ್ಲಿ ಹೀಗಲ್ಲ. ಅದು ಬಯಲಿನಲ್ಲಿ ಗಾಳಿಗೆ ತೆರೆದುಕೊಂಡಿದೆ. ಬಿಸಿಗೆ ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಮಳೆಯ ನೀರನ್ನು ತಾನೇ ಎರಚಿಬಿಡುತ್ತದೆ. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಜಾಗ್ವಾರ್ ಕಾರು ಡಿಸ್ಕ್ ಬ್ರೇಕುಗಳ ನೆರವಿನಿಂದ ಗೆದ್ದಾಗ ಲೋಕಕ್ಕೆ ಈ ಗುಣ ಮನದಟ್ಟಾಯಿತು.

ಡಿಸ್ಕನ್ನು ತಂದು ಕಟ್ಟಿದರೆ ಎಲ್ಲ ಮುಗಿಯಿತೆಂದು ಭಾವಿಸಬಾರದು. ಡಿಸ್ಕಿಗೆ ತನ್ನನ್ನು ತಾನೇ ಬಿಗಿದುಕೊಳ್ಳುವ ಗುಣವಿಲ್ಲ. ಕಾಲಿನ ಬಲ ಹೆಚ್ಚು ಬೇಕು. ಆದ್ದರಿಂದ ಬೂಸ್ಟರು ಬೇಕು. ಬೂಸ್ಟರಿಗೆ ನಿರ್ವಾತ ಬೇಕು. ಪೆಟ್ರೋಲ್ ಎಂಜಿನ್ನು ಅದನ್ನು ತನ್ನ ಉಸಿರಿನಿಂದಲೇ ಕೊಡುತ್ತದೆ, ಹಳೆಯ ಡೀಸೆಲ್ಲು ಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಪಂಪು ಬೇಕು. ನಮ್ಮಲ್ಲಿ ಎಷ್ಟೋ ಪೆಟ್ರೋಲ್ ಕಾರುಗಳು ಟ್ಯಾಕ್ಸಿಯ ಖರ್ಚು ಉಳಿಸುವುದಕ್ಕಾಗಿ ಡೀಸೆಲ್ಲಿಗೆ ಬದಲಾದವು. ಅಂಥ ಕಾರಿಗೆ ಬೂಸ್ಟರು ಕೂರಿಸುವವನು ಈ ಪಂಪನ್ನು ಮರೆತರೆ, ಬೂಸ್ಟರು ಬರಿಯ ತಗಡಿನ ಡಬ್ಬಿ.

ಮಾಸ್ಟರ್ ಸಿಲಿಂಡರಿನ ಮಾತೂ ಹೀಗೆಯೇ. ಕ್ಯಾಲಿಪರಿನ ಪಿಸ್ಟನ್ನುಗಳಿಗೆ ಹೆಚ್ಚು ಬ್ರೇಕ್ ಆಯಿಲ್ ಬೇಕು. ಹಳೆಯ ಸಣ್ಣ ಸಿಲಿಂಡರಿನಿಂದ ಅದು ಸಾಲದೆ ಪೆಡಲು ನೆಲಕ್ಕೆ ತಾಗಬಹುದು. ಅತಿ ದೊಡ್ಡ ಸಿಲಿಂಡರು ಹಾಕಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ಕಡಿಮೆಯಾಗಿ, ಪೆಡಲು ಕಲ್ಲಿನಂತಾಗುತ್ತದೆ. ಡ್ರಮ್ಮಿನ ಹಳೆಯ ಸಿಲಿಂಡರುಗಳಲ್ಲಿ ಕೊಳವೆಯೊಳಗೆ ಸದಾ ತುಸು ಒತ್ತಡ ಉಳಿಸುವ ಒಂದು ಪುಟ್ಟ ಕವಾಟ ಇರುವುದುಂಟು. ಅದನ್ನು ತೆಗೆಯದೆ ಡಿಸ್ಕಿಗೆ ಜೋಡಿಸಿದರೆ ಪ್ಯಾಡುಗಳು ಬಿಡದೆ ಉಜ್ಜುತ್ತಲೇ ಇರುತ್ತವೆ. ಹಿಂದುಮುಂದಿನ ಸಮತೋಲ ಇನ್ನೂ ಸೂಕ್ಷ್ಮ. ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಆಗ ಹಿಂದಿನ ಚಕ್ರಗಳು ಮೊದಲು ಕಟ್ಟಿಕೊಂಡರೆ ಕಾರು ಬುಗುರಿಯಂತೆ ತಿರುಗುತ್ತದೆ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಇರುವಲ್ಲಿ ಹಿಂದಿನ ಒತ್ತಡವನ್ನು ಮಿತಿಗೊಳಿಸುವ ಕವಾಟ ಬೇಕಾಗುವುದು ಇದಕ್ಕಾಗಿಯೇ. ಇಲ್ಲವಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಂತಾಗುತ್ತದೆ.

ಇನ್ನೆರಡು ಮಾತು ಚಿಕ್ಕವು, ಆದರೆ ಪ್ರಾಣದ ಮಾತು. ಅನೇಕ ಹಳೆಯ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ದ್ರವದ ಜಾಲ. ಒಂದೆಡೆ ಸೋರಿದರೆ ನಾಲ್ಕೂ ಹೋದಂತೆ. ಜೋಡಿ ಕೋಣೆಯ ಮಾಸ್ಟರ್ ಸಿಲಿಂಡರು ಹಾಕಿ ಜಾಲವನ್ನು ಎರಡಾಗಿ ಒಡೆದರೆ, ಒಂದು ಹೋದರೂ ಇನ್ನೊಂದು ಉಳಿದೀತು. ಎರಡನೆಯದು ಬ್ರೇಕ್ ಆಯಿಲ್ಲು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ದ್ರವದಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಒತ್ತಡವನ್ನು ಸಾಗಿಸಲಾರದು. ಸಾವಿರಾರು ರೂಪಾಯಿಯ ಡಿಸ್ಕನ್ನು ತಂದವನು ಈ ಅಗ್ಗದ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸದಿದ್ದರೆ, ಘಟ್ಟದ ಹನ್ನೆರಡನೆಯ ತಿರುವಿನಲ್ಲಿ ಅವನ ಕಾಲಿಗೆ ಸಿಕ್ಕುವುದು ಬರಿಯ ಪೆಡಲು.

ಯಾವುದು ಮೊದಲು?

ಹೀಗಿರಲು ಆಯ್ಕೆಯ ಕ್ರಮ ಹೇಗಿರಬೇಕು? ಕಾರು ಎಲ್ಲಿ ಓಡಬೇಕು, ಎಷ್ಟು ಜನರನ್ನು ಹೊತ್ತು ಎಷ್ಟು ವೇಗದಲ್ಲಿ ಓಡಬೇಕು ಎಂಬುದನ್ನು ಮೊದಲು ನಿಶ್ಚಯಿಸತಕ್ಕದ್ದು. ಆ ವೇಗದಿಂದ ಅದನ್ನು ಮತ್ತೆ ಮತ್ತೆ ನಿಲ್ಲಿಸಬಲ್ಲ ಬ್ರೇಕು ಯಾವುದೆಂದು ಹುಡುಕುವುದು ಎರಡನೆಯದು. ಆ ಬ್ರೇಕು ಯಾವ ಚಕ್ರದೊಳಗೆ ಹಿಡಿಯುತ್ತದೆ, ಯಾವ ಟೈರು ಅದಕ್ಕೆ ಹೊಂದುತ್ತದೆ ಎಂಬುದು ಮೂರನೆಯದು. ಆ ಟೈರಿನ ಹಿಡಿತವನ್ನು ತಾಳುವ ಆಕ್ಸಲ್ಲು, ಅದಕ್ಕೆ ತಕ್ಕ ಅನುಪಾತ, ಅದಕ್ಕೆ ತಕ್ಕ ಶಾಫ್ಟು, ಗೇರ್‌ಬಾಕ್ಸು, ಕ್ಲಚ್ಚು. ಇವೆಲ್ಲ ಆದಮೇಲೆ, ಇವು ತಾಳುವಷ್ಟೇ ಬಲದ ಎಂಜಿನ್ನು. ಹಣದ ಹಂಚಿಕೆಯೂ ಇದೇ ಕ್ರಮದಲ್ಲಿರಬೇಕು. ಹಣ ನಡುವೆ ಮುಗಿದರೆ, ಒಳ್ಳೆಯ ಬ್ರೇಕೂ ಹಳೆಯ ಎಂಜಿನ್ನೂ ಇರುವ ಕಾರು ಉಳಿಯುತ್ತದೆ. ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದು. ಕ್ರಮ ತಿರುವುಮುರುವಾಗಿ ಹಣ ಮುಗಿದರೆ, ಹೊಸ ಎಂಜಿನ್ನೂ ಹಳೆಯ ಬ್ರೇಕೂ ಇರುವ ಕಾರು ಉಳಿಯುತ್ತದೆ. ಅದರಲ್ಲಿ ಯಾರನ್ನೂ ಕೂರಿಸಬಾರದು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕನು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಆದುದರಿಂದ ಸ್ಪ್ಯಾನರು ಹಿಡಿಯುವ ಮೊದಲೇ ಸಾರಿಗೆ ಕಚೇರಿಯ ಮೆಟ್ಟಿಲನ್ನು ಹತ್ತಿ, ಯಾವುದಕ್ಕೆ ಅನುಮತಿಯುಂಟು, ಯಾವುದಕ್ಕೆ ಇಲ್ಲ ಎಂದು ಕೇಳಿ ತಿಳಿಯುವುದು ಲೇಸು. 2021ರ ನಿಯಮಗಳು 50 ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ಎಂಬ ಗೌರವದ ಸ್ಥಾನವನ್ನು ಕೊಟ್ಟಿವೆ. ಆದರೆ ಮೂಲ ರೂಪದಲ್ಲಿ ಉಳಿದು, ಎಂಜಿನ್ನೂ ಒಡಲೂ ಹೆಚ್ಚಿನ ಮಾರ್ಪಾಟಿಗೆ ಒಳಗಾಗದವುಗಳಿಗೆ ಮಾತ್ರ. ಎಂಜಿನ್ನು ಬದಲಿಸಿದವನು ಈ ಗೌರವವನ್ನು ಕೈಯಾರೆ ಬಿಟ್ಟುಕೊಟ್ಟಂತೆಯೇ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರಿಗೆ ಅನ್ನಿಸಬಹುದು: ಹಾಗಾದರೆ ಆ ಹಳೆಯ ಎಂಜಿನ್ನನ್ನೇ ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಕೂರಿಸಿದರೆ ಆಗದೆ? ಆಗುತ್ತದೆ, ಅನೇಕ ಸಲ ಅದೇ ಮೇಲು. ಹಳೆಯ ವೇಗಕ್ಕೆ, ಹೊಸ ಲೈನಿಂಗು ಕಂಡು ಚೆನ್ನಾಗಿ ಹೊಂದಿಸಿದ ಡ್ರಮ್ ಬ್ರೇಕು ಇಂದಿಗೂ ನಂಬಿಕೆಗೆ ಅರ್ಹವಾದುದೇ. ಅವಸರವಿಲ್ಲದವನಿಗೆ ಹಳೆಯ ಕಾರು ಹಳೆಯದಾಗಿಯೇ ಇರುವುದರಲ್ಲಿ ಒಂದು ಸುಖವುಂಟು. ಆದರೆ ಇಂದಿನ ಹೆದ್ದಾರಿಯಲ್ಲಿ ಇಂದಿನ ವಾಹನಗಳ ನಡುವೆ ಓಡಲೇಬೇಕೆನ್ನುವವನನ್ನು ತಪ್ಪೆನ್ನುವಂತಿಲ್ಲ. ಬೀಡುಬಿಟ್ಟ ಷೆಡ್ಡಿನಲ್ಲಿ ತುಕ್ಕು ಹಿಡಿಯುವುದಕ್ಕಿಂತ, ಎಂಜಿನ್ನು ಬದಲಾಗಿಯಾದರೂ ರಸ್ತೆಯ ಮೇಲೆ ಓಡುವ ಕಾರು ಹೆಚ್ಚು ಜೀವಂತವೆಂಬ ವಾದಕ್ಕೂ ತೂಕವಿದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಅರ್ಧಕ್ಕೆ ನಿಲ್ಲಿಸಬಾರದು ಎಂಬುದಷ್ಟೇ ನಮ್ಮ ಬಿನ್ನಹ.

ಏಕೆಂದರೆ ಈ ವಿಷಯದಲ್ಲಿ ಲಾಭನಷ್ಟಗಳು ಒಬ್ಬನ ಲೆಕ್ಕಕ್ಕೇ ಸೇರುವುದಿಲ್ಲ. ಹೊಸ ಎಂಜಿನ್ನಿನ ಸುಖವನ್ನು ಉಣ್ಣುವವನು ಕಾರಿನ ಒಡೆಯ. ದಿಬ್ಬವನ್ನು ಲೀಲಾಜಾಲವಾಗಿ ಏರಿದಾಗ ಮೀಸೆಯ ಮೇಲೆ ಕೈ ಹೋಗುವುದು ಅವನದು. ಬ್ರೇಕು ಸೋತಾಗ ಅದರ ನಷ್ಟವನ್ನು ಹೊರುವವನು ಎದುರಿನಿಂದ ಸೈಕಲ್ಲಿನಲ್ಲಿ ಬರುವ ಹುಡುಗನಾಗಿರಬಹುದು, ರಸ್ತೆ ದಾಟುವ ಮುದುಕಿಯಾಗಿರಬಹುದು. ಆ ಕಾರಿಗೆ ಎಷ್ಟು ಅಶ್ವಶಕ್ತಿಯೆಂದು ಅವರು ಕೇಳಿದವರಲ್ಲ. ಅದನ್ನು ಆರಿಸುವಾಗ ಅವರನ್ನು ಯಾರೂ ಕೇಳಿದವರಲ್ಲ. ಎಂಜಿನ್ನಿನ ಬೆಲೆ ವಿಚಾರಿಸುವುದಕ್ಕೆ ಮುಂಚೆ ಬ್ರೇಕಿನ ಬೆಲೆ ವಿಚಾರಿಸುವವನು, ಆ ಅಪರಿಚಿತರನ್ನೂ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡವನು.